ಮೇಷ್ಟ್ರ ಟ್ರಂಕು: ವಾರಸುದಾರರ ಕೈಪಿಡಿ

ರಾಜ್ಯಶಾಸ್ತ್ರದ ಮೇಷ್ಟ್ರು ತೀರಿಕೊಂಡ ಮೇಲೋ, ಬೆಂಗಳೂರಿನ ಮಗಳ ಮನೆಗೆ ಹೊರಟ ಮೇಲೋ ಅಟ್ಟದ ಮೇಲೆ ಉಳಿಯುವ ಕಬ್ಬಿಣದ ಟ್ರಂಕಿಗೆ ಸಂಬಂಧಿಸಿದ ಕೈಪಿಡಿ ಇದು. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ಟ್ರಂಕು ತೆರೆಯುವ ಮುನ್ನ ಪೂರ್ತಿ ಓದಿ. ಓದುವುದಿಲ್ಲವೆಂದು ಗೊತ್ತಿರುವುದರಿಂದ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ: ಏನನ್ನೂ ಓರಣ ಮಾಡಬೇಡಿ.

ಒಳಗೆ ಏನೇನಿರುತ್ತದೆ. ಸೈಕ್ಲೋಸ್ಟೈಲ್ ಮಾಡಿದ ನೋಟ್ಸು, ತುಕ್ಕು ಹಿಡಿದ ಗುಂಡುಪಿನ್ನು, ಹಳದಿಯಾದ ಪತ್ರಿಕೆ ತುಣುಕು, ಯಾವುದೋ ಚುನಾವಣೆಯ ಮತದಾರರ ಪಟ್ಟಿ, ಗೆದ್ದವರ ಕರಪತ್ರ, ಠೇವಣಿ ಕಳೆದುಕೊಂಡವರ ಕರಪತ್ರ, ಶಿಷ್ಯರ ಪಿಎಚ್‌.ಡಿ. ಪ್ರಬಂಧಗಳು, ಹೋಟೆಲ್ ಬಿಲ್ಲಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ‘ಯಾವ ಬೀದಿ ಯಾರ ಕಡೆ’ ಎಂಬ ಲೆಕ್ಕ. ಮನೆಯವರು ಸಾಮಾನ್ಯವಾಗಿ ರಟ್ಟು ಹಾಕಿದ ಪ್ರಬಂಧಗಳನ್ನು ಒರೆಸಿ ಶೋಕೇಸಿನಲ್ಲಿಟ್ಟು, ಬಿಲ್ಲನ್ನು ಹಳೇ ಪೇಪರಿನವನಿಗೆ ತೂಗಿ ಹಾಕುತ್ತಾರೆ. ತಲೆಕೆಳಗು ಮಾಡಿ. ಪ್ರಬಂಧದ ಇನ್ನೊಂದು ಪ್ರತಿ ವಿಶ್ವವಿದ್ಯಾನಿಲಯದ ಲೈಬ್ರರಿಯಲ್ಲಿ ಯಾರೂ ಮುಟ್ಟದೆ ಸುರಕ್ಷಿತವಾಗಿರುತ್ತದೆ. ಬಿಲ್ಲು ಒಂದೇ ಒಂದು.

ಎಣ್ಣೆಯ ವಿಚಾರ. ಮೈಸೂರು ಸೀಮೆಗೆ ಬಂದ ಅತಿ ಹಳೆಯ ರಾಜ್ಯಶಾಸ್ತ್ರದ ಕಡತ ಕೌಟಿಲ್ಯನದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟು ಹೋದರು. ಅಲ್ಲಿ ಲೈಬ್ರರಿಯನ್ ಆಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೂ ಹೋಯಿತು. ಕೊಟ್ಟ ಪಂಡಿತರು ಮಾತ್ರ ‘ಒಬ್ಬ ಪಂಡಿತ’ರಾಗಿಯೇ ಉಳಿದರು. ನೀವು ಟ್ರಂಕು ಕೊಡುವಾಗ ಕೊಟ್ಟವರ ಹೆಸರು, ತಾರೀಖು ಬರೆಸಿ. ಓಲೆಗರಿಗೆ ಆ ಸಂಸ್ಥೆಯಲ್ಲಿ ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆಂದು ಕೇಳಿ ಮೇಷ್ಟ್ರ ಕಾಗದಕ್ಕೂ ಸವರಬೇಡಿ. ಹಾಳೆಯ ಮೇಲೆ ಉಳಿಯುವುದು ಬೋಂಡಾ ಕಟ್ಟಿದಂಥ ಕಲೆ. ರಬ್ಬರ್ ಬ್ಯಾಂಡ್ ತೆಗೆಯಿರಿ, ಗುಂಡುಪಿನ್ನು ತೆಗೆಯಿರಿ, ಹತ್ತಿ ದಾರ ಕಟ್ಟಿ. ಸೆಲೋಟೇಪು ಕಂಡರೆ ಮಕ್ಕಳಿಂದ ಬೆಂಕಿಪೊಟ್ಟಣ ಬಚ್ಚಿಡುವ ಹಾಗೆ ಬಚ್ಚಿಡಿ.

ವಿಂಗಡಣೆ. ಇಲ್ಲೇ ಎಲ್ಲರೂ ಕೆಡುವುದು. ತಾಲ್ಲೂಕುವಾರು ಜೋಡಿಸೋಣ ಎನ್ನುತ್ತೀರಿ. 2008ರಲ್ಲಿ ಕ್ಷೇತ್ರ ವಿಂಗಡಣೆಯಾಗಿ ವರುಣಾ ಹುಟ್ಟಿತು. ನಂಜನಗೂಡಿನ ಒಂದಷ್ಟು ಹಳ್ಳಿ, ನರಸೀಪುರದ ಒಂದಷ್ಟು ಹಳ್ಳಿ ಅದರ ಪಾಲಾದವು. ಆ ಕರಪತ್ರ ಯಾವ ಕಟ್ಟಿಗೆ? ಸರಿ, ಪಕ್ಷವಾರು ಜೋಡಿಸೋಣ. 2013ರಲ್ಲಿ ನಂಜನಗೂಡಿನಲ್ಲಿ ಕಾಂಗ್ರೆಸ್ಸಿನ ವಿ. ಶ್ರೀನಿವಾಸಪ್ರಸಾದ್ ಗೆದ್ದರು, ಜೆಡಿಎಸ್‌ನ ಕಳಲೆ ಕೇಶವಮೂರ್ತಿ ಸೋತರು. 2017ರ ಏಪ್ರಿಲ್ ಉಪಚುನಾವಣೆಯಲ್ಲಿ ಅವರೇ ಇಬ್ಬರು ಎದುರುಬದುರು. ಈ ಸಲ ಪ್ರಸಾದ್ ಬಿಜೆಪಿ, ಕೇಶವಮೂರ್ತಿ ಕಾಂಗ್ರೆಸ್. ಗೆದ್ದವರು ಕೇಶವಮೂರ್ತಿ. ನಾಲ್ಕು ವರ್ಷದಲ್ಲಿ ಎರಡು ಕಟ್ಟೂ ಅದಲುಬದಲು. ಮೇಷ್ಟ್ರು ಆ ಎರಡು ಕರಪತ್ರಗಳನ್ನು ಒಂದೇ ಪಿನ್ನಿನಲ್ಲಿ ಚುಚ್ಚಿಟ್ಟಿದ್ದರೆ ಅದೇ ಅವರ ಪಾಠ. ಪಿನ್ನು ತೆಗೆಯಿರಿ, ಜೋಡಿ ಬಿಡಿಸಬೇಡಿ. ಪತ್ರಾಗಾರದವರು ಮೊದಲು ನೋಡುವುದೂ ಇದನ್ನೇ: ಇಟ್ಟವರು ಇಟ್ಟ ಕ್ರಮ ಹಾಗೇ ಇದೆಯೇ ಎಂದು.

ಹೆಸರುಗಳು. ಬದುಕಿರುವವರ ಜಾತಿ, ಸಾಲ, ಜಗಳ ಎಲ್ಲ ಟ್ರಂಕಿನಲ್ಲಿರುತ್ತವೆ. ಮಾದರಿಗೆ ಎಂ.ಎನ್. ಶ್ರೀನಿವಾಸ್ ಅವರನ್ನು ನೋಡಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಯಲ್ಲಿ 1948ರಲ್ಲಿ ತಿಂಗಳುಗಟ್ಟಲೆ ಇದ್ದು, 1952ರಲ್ಲಿ ಮತ್ತೆ ಹೋಗಿ, ಕುಂಬಾರ ಮತ್ತು ಪೂಜಾರಿಯ ವ್ಯಾಜ್ಯ, ಅಗಸರ ಕುಲದ ವ್ಯಾಜ್ಯ ಎಲ್ಲ ಬರೆದರು. ಪುಸ್ತಕದಲ್ಲಿ ಊರಿನ ಹೆಸರು ರಾಂಪುರ. ಅವರು ಸಮಾಜಶಾಸ್ತ್ರದವರಲ್ಲವೇ ಎಂದು ಆಕ್ಷೇಪಣೆ ಬರಬಹುದು. ಹಳ್ಳಿಯ ಓಟ್ ಬ್ಯಾಂಕು, ಪ್ರಬಲ ಜಾತಿ, ಎರಡನ್ನೂ 1955ರ ಒಂದೇ ಪ್ರಬಂಧದಲ್ಲಿಟ್ಟು ರಾಜ್ಯಶಾಸ್ತ್ರದ ಮೇಷ್ಟ್ರುಗಳಿಗೆ ತಲೆಮಾರಿನ ಅನ್ನ ಹುಟ್ಟಿಸಿದವರನ್ನು ಈ ಕೈಪಿಡಿಯಿಂದ ಹೊರಗಿಡುವ ಧೈರ್ಯ ನಮಗಿಲ್ಲ.

ದೋಷ ಮತ್ತು ಪರಿಹಾರ. ಗೆದ್ದಲು: ಟ್ರಂಕನ್ನು ಗೋಡೆಗೆ ತಾಗಿಸಬೇಡಿ, ಇಟ್ಟಿಗೆಯ ಮೇಲಿಡಿ. ಇಲಿ: ಬೀಗ. ನೀರು: ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪವೇ ಮುಳುಗುತ್ತದೆ, ನಿಮ್ಮ ನಡುಮನೆ ಯಾವ ಲೆಕ್ಕ. ಅಟ್ಟಕ್ಕೇರಿಸಿ.

ಬೆಂಕಿ: ಇದಕ್ಕೆ ಪೂರ್ವಾನುಭವ ಉಂಟು. ಶ್ರೀನಿವಾಸ್ ಕೊಡಗಹಳ್ಳಿಯ ಟಿಪ್ಪಣಿಗಳನ್ನು ವರ್ಷಗಟ್ಟಲೆ ವಿಂಗಡಿಸಿ, ಜಾಗ್ರತೆಗೆಂದು ಮೂರು ಪ್ರತಿ ಮಾಡಿಸಿ, ಮೂರನ್ನೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧನಾ ಕೇಂದ್ರದಲ್ಲಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ವಿಯೆಟ್ನಾಂ ಯುದ್ಧದ ವಿರುದ್ಧ ಕ್ಯಾಂಪಸ್ಸುಗಳು ಕುದಿಯುತ್ತಿದ್ದ ಕಾಲ. 1970ರ ಏಪ್ರಿಲ್ 24ರಂದು ಯಾರೋ ಕೇಂದ್ರಕ್ಕೆ ಬೆಂಕಿಯಿಟ್ಟರು. ಮೂರೂ ಪ್ರತಿ ಹೋದವು. ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಅವರು ನೆನಪಿನಿಂದಲೇ ಬರೆಯಿರಿ ಎಂದರು. ಬರೆದರು. ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಬೆಂಕಿ ಬಿದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಅಂಕಿಅಂಶದ ಒಣ ಪುಸ್ತಕವಾಗುತ್ತಿತ್ತು ಎನ್ನುವವರು ಸಿಕ್ಕರೆ ಅವರ ಕೈಗೆ ಟ್ರಂಕಿನ ಬೀಗದಕೈ ಕೊಡಬೇಡಿ. ಮೂಲ ಟಿಪ್ಪಣಿಗಳು ಅಷ್ಟುಹೊತ್ತಿಗೆ ದೆಹಲಿಯಲ್ಲಿ ತಣ್ಣಗೆ ಕೂತಿದ್ದವು ಎಂಬುದನ್ನು ಅವರು ಮರೆತಿರುತ್ತಾರೆ.

ಆದ್ದರಿಂದ ಜೆರಾಕ್ಸ್ ಮಾಡಿಸಿ ಅದೇ ಟ್ರಂಕಿನ ತಳಕ್ಕೆ ತುರುಕಬೇಡಿ. ನರಸೀಪುರದ ಪ್ರತಿ ನಂಜನಗೂಡಿನಲ್ಲಿ, ನಂಜನಗೂಡಿನದು ನರಸೀಪುರದಲ್ಲಿ ಎಂದರೆ, ಎರಡೂ ಊರಿಗೂ ಕಪಿಲೆಯೇ. ಒಂದೇ ಮಳೆಗಾಲಕ್ಕೆ ಎರಡೂ ತೋಯ್ದಾವು. ಮೈಸೂರಿಗೆ ಒಯ್ಯಿರಿ, ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಅಲ್ಲಿದೆ. ಹೋಗುವಾಗ ಪಟ್ಟಿ ಎರಡು ಪ್ರತಿ ಇರಲಿ. ಒಂದಕ್ಕೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ಆ ಹಾಳೆಯನ್ನು ಟ್ರಂಕಿನೊಳಗೇ ಬಿಟ್ಟು ಬಸ್ಸು ಹತ್ತಬೇಡಿ.