ಹಳೇ ವೈರು, ಹೊಸ ಡಬ್ಬಿ

ಸೈರನ್ ಅಂದರೇನು ಅಂತ ಭದ್ರಾವತಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1923ರಲ್ಲಿ ಕುಲುಮೆ ಹೊತ್ತಿಸಿದ ಊರು ಅದು. ಕಾರ್ಖಾನೆ ಕೂಗಿದರೆ ಟಿಫನ್ ಡಬ್ಬಿ ಹಿಡಿದು ಹೊರಡುತ್ತಿದ್ದ ಜನ. ಶಿವಮೊಗ್ಗದವರಾದ ನಾವು ಸೈರನ್ ಕೇಳಿದರೆ ಮೊದಲು ಯಾರ ಮನೆಯದ್ದು ಅಂತ ನೋಡುತ್ತೇವೆ. ಪಕ್ಕದ ಮನೆಯದ್ದು ಅಂತ ಗೊತ್ತಾದರೆ ಮಗ್ಗುಲಾಗುತ್ತೇವೆ.

ಇಷ್ಟಾದರೂ ವಿನೋಬನಗರ, ಗೋಪಾಳದ ಕಡೆ ಕೈಯಲ್ಲಿ ಕಾಸಿದ್ದಾಗ ಮನೆ ಕಟ್ಟಿದ ಕೆಲವರು ಗೋಡೆಯೊಳಗೆ ಅಲಾರಂ ವೈರು ಎಳೆಸಿಕೊಂಡಿದ್ದಾರೆ. ಗೃಹಪ್ರವೇಶದ ದಿನ ಬಂದವರಿಗೆಲ್ಲ ಒಮ್ಮೆ ಕೂಗಿಸಿ ತೋರಿಸಿದ್ದೇ ಕೊನೆ. ಬ್ಯಾಟರಿ ಸತ್ತಿತು, ಪಾಸ್‌ವರ್ಡ್ ಮರೆತುಹೋಯಿತು, ಪ್ಯಾನೆಲ್ ಮೇಲೆ ಕ್ಯಾಲೆಂಡರ್ ಬಂತು. ಈಗ ಬೆಂಗಳೂರಿನ ಮಗ ಮೊಬೈಲಿನಲ್ಲಿ ಆಡುವ ಹೊಸ ಡಬ್ಬಿ ಕಳಿಸಿದ್ದಾನೆ. ಎಲೆಕ್ಟ್ರಿಷಿಯನ್ ಬಂದು ಸೊಂಟದ ಮೇಲೆ ಕೈಯಿಟ್ಟು, ‘ಸಾರ್, ಈಗೆಲ್ಲ ವೈರ್‌ಲೆಸ್ಸು. ಹಳೇದನ್ನೆಲ್ಲ ಕಿತ್ತು ಬಿಸಾಕೋಣ’ ಅನ್ನುತ್ತಾನೆ.

ಅವನಿಗೆ ಕಾಫಿ ಕೊಡಿ, ಕಟಿಂಗ್ ಪ್ಲೇಯರ್ ಮಾತ್ರ ಕೊಡಬೇಡಿ.

ಬಾಗಿಲ ಚೌಕಟ್ಟಿನಲ್ಲಿ ಕೂತಿರುವುದು ರೀಡ್ ಸ್ವಿಚ್. ಗಾಜಿನ ಕೊಳವೆಯೊಳಗೆ ಎರಡು ಲೋಹದ ಎಸಳು, ಬಾಗಿಲಲ್ಲಿ ಒಂದು ಅಯಸ್ಕಾಂತ. ಬಾಗಿಲು ಮುಚ್ಚಿದ್ದರೆ ಎಸಳು ಕೂಡಿಕೊಂಡಿರುತ್ತವೆ, ತೆಗೆದರೆ ಬಿಟ್ಟುಕೊಳ್ಳುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದು ಹುಟ್ಟಿದ್ದು 1936ರಲ್ಲಿ. ನಮ್ಮ ಭದ್ರಾವತಿಯ ಕಾಗದದ ಕಾರ್ಖಾನೆ ಹುಟ್ಟಿದ ವರ್ಷವೂ ಅದೇ. ಈ ಸ್ವಿಚ್ಚಿಗೆ ಸೆಲ್ಲು ಬೇಕಿಲ್ಲ. ವೈರ್‌ಲೆಸ್ ಸೆನ್ಸರಿನ ಸೆಲ್ಲೋ, ಸಾಯಲು ರಾತ್ರಿ ಎರಡು ಗಂಟೆಯನ್ನೇ ಆರಿಸಿಕೊಂಡು ಬೀಪ್ ಅನ್ನುತ್ತದೆ.

ಹೊಸ ಡಬ್ಬಿಗೆ ಹಳೇ ವೈರಿನ ಭಾಷೆ ಬರುವುದಿಲ್ಲ ಅನ್ನುವುದು ನಿಜ. ನಡುವೆ ಒಬ್ಬ ದುಭಾಷಿ ಬೇಕು. ಹಳೇ ವೈರುಗಳನ್ನು ಒಂದು ಕಡೆ ಸಿಕ್ಕಿಸಿಕೊಂಡು ಇನ್ನೊಂದು ಕಡೆಯಿಂದ ರೇಡಿಯೋ ಅಲೆಯಲ್ಲೋ ವೈಫೈಯಲ್ಲೋ ಸುದ್ದಿ ಮುಟ್ಟಿಸುವ ಕನ್ವರ್ಟರ್ ಬೋರ್ಡು ಸಿಗುತ್ತದೆ. ನಿಮ್ಮ ಡಬ್ಬಿಗೆ ಹೊಂದುವುದನ್ನೇ ಕೇಳಿ ತನ್ನಿ. ಒಂದೇ ಬಾಗಿಲಾದರೆ ಒಳಗೆ ಎರಡು ಸ್ಕ್ರೂ ಇರುವ ವೈರ್‌ಲೆಸ್ ಸೆನ್ಸರ್ ತಂದು ಅದಕ್ಕೇ ಹಳೇ ವೈರು ಬಿಗಿದರೂ ನಡೆಯುತ್ತದೆ.

ಕಷ್ಟವಿರುವುದು ಯಾವ ವೈರು ಯಾವ ಬಾಗಿಲಿನದು ಅನ್ನುವುದರಲ್ಲಿ. ಎಳೆದವನಿಗೆ ಮಾತ್ರ ಗೊತ್ತು, ಅವನು ಈಗ ದುಬೈಯಲ್ಲಿ. ಹಾಗಾಗಿ ಯಜಮಾನರು ಮಲ್ಟಿಮೀಟರ್ ಹಿಡಿದು ಪ್ಯಾನೆಲ್ ಮುಂದೆ, ಯಜಮಾನತಿ ಹಿತ್ತಲ ಬಾಗಿಲಲ್ಲಿ.

‘ತೆಗೆದೆಯೇನೇ?’

‘ಆಗಲೇ ತೆಗ್ದು ಮುಚ್ಚಿದ್ನಲ್ರೀ!’

‘ಹೇಳಿ ತೆಗಿಬಾರ್ದಾ?’

ಸಂಜೆ ಹೊತ್ತಿಗೆ ಇಡೀ ಬೀದಿಗೆ ನಿಮ್ಮ ಮನೆಯ ಬಾಗಿಲೆಷ್ಟು, ಕಿಟಕಿಯೆಷ್ಟು ಅಂತ ಲೆಕ್ಕ ಸಿಕ್ಕಿರುತ್ತದೆ. ಕಳ್ಳನಿಗೂ.

ಇನ್ನು ರೆಸಿಸ್ಟರ್. ಪುಟ್ಟ ವಸ್ತು, ದೊಡ್ಡ ರಾಜಕೀಯ. ವೈರು ಕತ್ತರಿಸಿದರೆ ಸುತ್ತು ಕಡಿದು ಅಲಾರಂ ಕೂಗುತ್ತದೆ, ಸರಿ. ಆದರೆ ಬುದ್ಧಿವಂತ ಕಳ್ಳ ಎರಡು ವೈರನ್ನೂ ಒಟ್ಟಿಗೆ ಹೆಣೆದುಬಿಟ್ಟರೆ? ಅದನ್ನು ಹಿಡಿಯಲೆಂದೇ ಸುತ್ತಿನ ತುದಿಯಲ್ಲಿ, ಸೆನ್ಸರ್ ಹತ್ತಿರವೇ ರೆಸಿಸ್ಟರ್ ಕೂರಿಸಬೇಕು. ಏಣಿ ಹತ್ತಲು ಸೋಮಾರಿತನ ಪಟ್ಟವರು ಅದನ್ನು ಪ್ಯಾನೆಲ್ ಒಳಗೇ ಸಿಕ್ಕಿಸಿ ಇಳಿದುಬಿಡುತ್ತಾರೆ. ಆಗ ಅದು ಇದ್ದೂ ಇಲ್ಲದ ಹಾಗೆ. ಅದರ ಓಮ್ಸು ಕಂಪನಿಗೊಂದು ತರಹ, ಆದ್ದರಿಂದ ಹಳೇದು ಹೊಸ ಬೋರ್ಡಿಗೆ ಒಪ್ಪದೆಯೂ ಇರಬಹುದು.

ಚಲನೆ ಹಿಡಿಯುವ ಪಿಐಆರ್ ಸೆನ್ಸರಿಗೆ ಸಾಮಾನ್ಯವಾಗಿ 12 ವೋಲ್ಟ್ ಕರೆಂಟು ಬೇಕು. ಹೊಸ ಬೋರ್ಡು 5 ವೋಲ್ಟಿನದಾಗಿದ್ದರೆ ಬೇರೆ ಸಪ್ಲೈ ಇಟ್ಟು, ಬೆನ್ನಿಗೊಂದು ಬ್ಯಾಟರಿ ಕೊಡಿ. ಗುಡುಗು ಸಿಡಿಲಿಗೆ ಕರೆಂಟು ಹೋಗುವ ನಮ್ಮೂರಿನಲ್ಲಿ ಬ್ಯಾಟರಿ ಇಲ್ಲದ ಅಲಾರಂ ಇಟ್ಟುಕೊಂಡವರ ಬಗ್ಗೆ ಕಳ್ಳರಿಗೂ ಕನಿಕರ.

ಮಳೆಗಾಲ ಬಂತೆಂದರೆ ಮರದ ಬಾಗಿಲು ಉಬ್ಬಿ ಪೂರ್ತಿ ಮುಚ್ಚುವುದಿಲ್ಲ. ಅಯಸ್ಕಾಂತ ದೂರ ಸರಿದು ಅಲಾರಂ ಸುಮ್ಮಸುಮ್ಮನೆ ಕೂಗುತ್ತದೆ. ಸ್ಕ್ರೂಗಳಿಗೆ ಹಸಿರು ಕಿಲುಬು. ಸೆನ್ಸರ್ ಮೇಲೆ ಹಲ್ಲಿ ಕೂತರೆ ಅದಕ್ಕೂ ಸೈರನ್ ಗೌರವ. ಇದಕ್ಕೆಲ್ಲ ಹೊಸ ಡಬ್ಬಿಯಲ್ಲಿ ಮದ್ದಿಲ್ಲ. ಬಡಗಿಯನ್ನೂ ಪೊರಕೆಯನ್ನೂ ಕರೆಯಬೇಕು.

ಕೆಲಸ ಶುರುಮಾಡುವ ಮೊದಲು ಹಳೇ ಪ್ಯಾನೆಲಿನ ಫೋಟೊ ತೆಗೆದಿಡಿ, ವೈರಿಗೊಂದೊಂದು ಚೀಟಿ ಅಂಟಿಸಿ. ಎಲ್ಲ ಮುಗಿದ ಮೇಲೆ ಕೋಡು ಇಡುವಾಗ ದಯವಿಟ್ಟು ನಮ್ಮೂರಿನ ಎಸ್‌ಟಿಡಿ ಕೋಡಿನ ಸೊನ್ನೆ ಬಿಟ್ಟು 8182 ಅಂತ ಒತ್ತಬೇಡಿ. ಭದ್ರಾವತಿಯವರು ನಗಬೇಡಿ, 8282 ಕೂಡ ಬೇಡ.