ಕಾಲಂ 9ರಲ್ಲಿ ಅಜ್ಜ ಆರಾಮ

ನಮ್ಮ ಅಜ್ಜ ತೀರಿಕೊಂಡಿದ್ದು 1987ರ ಬರಗಾಲದಲ್ಲಿ. ಇದು ನಮಗೆ ಗೊತ್ತು, ಹೆಗಲು ಕೊಟ್ಟವರಿಗೆ ಗೊತ್ತು, ತಿಥಿಯೂಟದಲ್ಲಿ ಎರಡನೇ ಸಲ ಪಾಯಸ ಹಾಕಿಸಿಕೊಂಡ ಅರ್ಧ ಧರ್ಮಪುರಕ್ಕೆ ಗೊತ್ತು. ಗೊತ್ತಿಲ್ಲದ್ದು ಪಹಣಿಗೊಂದೇ. ಅಲ್ಲಿ ಕಾಲಂ 9ರಲ್ಲಿ ಅಜ್ಜ ಇವತ್ತಿಗೂ 5 ಎಕರೆ 12 ಗುಂಟೆಯ ಸ್ವಾಧೀನದಾರ. ಮಣ್ಣು ಸೇರಿದ ಮೇಲೂ ಬಿಡದೆ ಪ್ರತಿ ಮುಂಗಾರಿಗೆ ಶೇಂಗಾ ಬಿತ್ತುತ್ತಿದ್ದಾನೆ. ಕಾಲಂ 11ರಲ್ಲಿ ಅವನ ಸೊಸೈಟಿ ಸಾಲವೂ ಅವನಷ್ಟೇ ಗಟ್ಟಿಯಾಗಿದೆ.

2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು, 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ. ದೇಶವಿದೇಶದವರು ಬಂದು ನೋಡಿ ಭೇಷ್ ಅಂದರು. ಬದುಕಿದ್ದಷ್ಟು ದಿನ ಹಿರಿಯೂರು ಸಂತೆ ದಾಟಿ ಹೋಗದಿದ್ದ ನಮ್ಮಜ್ಜ, ಸತ್ತ 13 ವರ್ಷಕ್ಕೆ ಕಂಪ್ಯೂಟರ್ ಹತ್ತಿದ. ಮೊದಲಾದರೆ ಗೆದ್ದಲಾದರೂ ಅವನನ್ನು ಮುಗಿಸೀತು ಅನ್ನುವ ಆಸೆಯಿತ್ತು. ಈಗ ಅದೂ ಹೋಯಿತು.

ಸತ್ತವರ ಹೆಸರಿನಿಂದ ಬದುಕಿದವರ ಹೆಸರಿಗೆ ಜಮೀನು ಬರುವುದಕ್ಕೆ ‘ಪೌತಿ ಖಾತೆ’ ಅನ್ನುತ್ತಾರೆ. ಪೌತಿ ಅಂದರೆ ಅರಬ್ಬಿಯ ಫೌತ್, ಸಾವು. ಇಂಥವರ ಮಗ ಇಂಥವನು ಅನ್ನುವ ‘ಬಿನ್’ ಕೂಡ ಅರಬ್ಬಿಯೇ. ಅಜ್ಜನಿಗೆ ಕನ್ನಡದಲ್ಲಿ ರುಜು ಹಾಕಲೂ ಬರುತ್ತಿರಲಿಲ್ಲ. ಅವನ ಹೊಲ ನೋಡಿ, ಎಂಥಾ ಪಂಡಿತ!

2019ರವರೆಗೆ ನಮಗೂ ಇದರ ಗೊಡವೆ ಇರಲಿಲ್ಲ, ಸುಳ್ಳೇಕೆ. ಆ ವರ್ಷ ಕಿಸಾನ್ ಸಮ್ಮಾನ್ ಅಂತ ವರ್ಷಕ್ಕೆ 6000 ರೂಪಾಯಿ ಘೋಷಣೆಯಾದಾಗ, ಸಮ್ಮಾನ ಅಜ್ಜನಿಗೇ ಹೊರತು ನಮಗಲ್ಲ ಅನ್ನುವುದು ತಿಳಿಯಿತು. ಹೊರಟೆ. ಯಾವ ಕಚೇರಿ ಅಂತ ಕೇಳಬೇಡಿ, ಸೋಮವಾರ ಮತ್ತೆ ಅದೇ ಬಾಗಿಲಿಗೆ ಹೋಗಬೇಕು.

“ಮರಣ ಪ್ರಮಾಣಪತ್ರ ಎಲ್ಲಿ ಯಜಮಾನ್ರೆ?”

“ಇಲ್ಲ ಸಾರ್.”

“ಹಂಗಾದ್ರೆ ಸತ್ತಿಲ್ಲ.”

“ನಮ್ಮ ಹೊಲದಾಗೇ ಮಣ್ಣು ಮಾಡೀವಿ ಸಾರ್. ಸಮಾಧಿ ಐತೆ, ಬೇಕಾದ್ರೆ ಬಂದು ನೋಡ್ರಿ.”

“ಸಮಾಧಿ ಮ್ಯಾಲೆ ಸೀಲ್ ಐತಾ?”

ಇರಲಿಲ್ಲ. ಜನನ ಮರಣ ನೋಂದಣಿಗೆ 1969ರಲ್ಲೇ ಕಾಯಿದೆಯಾಗಿದೆ. ಸತ್ತರೆ 21 ದಿನದೊಳಗೆ ಬರೆಸಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಆಗಬೇಕು. (2023ರ ತಿದ್ದುಪಡಿ ಬಂದು ಆ ಅಧಿಕಾರ ಈಗ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆ ಹೋಗಿದೆ. ನಮ್ಮ ಕಾಲಕ್ಕೆ ಕೋರ್ಟೇ ಗತಿ.) ಕೋರ್ಟಿಗೆ ಹೋಗುವ ಮೊದಲು ‘ಅಲಭ್ಯ ಪತ್ರ’ ತರಬೇಕು. ಅಂದರೆ ಅಜ್ಜ ಸತ್ತಿದ್ದಾನೆ ಅಂತ ತೋರಿಸಲು, ಅಜ್ಜ ಸತ್ತ ದಾಖಲೆ ಎಲ್ಲೂ ಇಲ್ಲ ಅನ್ನುವ ದಾಖಲೆ. ಅದನ್ನೂ ತಂದೆ. ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ: ಆಕ್ಷೇಪಣೆ ಇದ್ದವರು ಖುದ್ದು ಹಾಜರಾಗತಕ್ಕದ್ದು. ಆ ಸಾವಿಗೆ ಆಕ್ಷೇಪಿಸುವ ನಿಜವಾದ ಅರ್ಹತೆ ಇದ್ದವನು ಒಬ್ಬನೇ. ಅವನು ಹಾಜರಾಗಲಿಲ್ಲ.

“ಬರವಣಿಗೆಯಲ್ಲಿ ಏನಾದರೂ ಪುರಾವೆ ಇದೆಯೇ?” ಅಂತ ಕೋರ್ಟು ಕೇಳಿತು. ಇರಲಿಲ್ಲ. ಅಜ್ಜ ಉಯಿಲು ಬರೆದವನಲ್ಲ, ಬರೆದರೆ ಬೇಗ ಸಾಯುತ್ತಾರೆ ಅಂತ ನಂಬಿದವನು. ಬರೆದಿದ್ದರೆ ಪ್ರೊಬೇಟ್, ಅಂದರೆ ಉಯಿಲಿಗೆ ಕೋರ್ಟಿನ ದೃಢೀಕರಣ, ಆಗಬೇಕಿತ್ತೇ ಅಂತ ವಕೀಲರನ್ನು ಕೇಳಿದೆ. 1925ರ ಉತ್ತರಾಧಿಕಾರ ಕಾಯಿದೆ ಹಿಂದೂಗಳಿಗೆ ಪ್ರೊಬೇಟ್ ಕಡ್ಡಾಯ ಮಾಡಿದ್ದು ಬಂಗಾಳ, ಮದ್ರಾಸು, ಬೊಂಬಾಯಿಯ ಕಡೆ, ಧರ್ಮಪುರಕ್ಕೆ ಆ ಗೌರವವಿಲ್ಲ ಅಂದರು. ಅಮೆರಿಕದಲ್ಲಿರುವ ನನ್ನ ಷಡ್ಡಕನ ಮಗ ಫೋನಿನಲ್ಲಿ ನಕ್ಕ. ಅವನಿರುವ ಕಡೆ ಕೌಂಟಿ ಕೋರ್ಟಿಗೆ ಹೋಗಿ ಹೆಸರು ಹೇಳಿದರೆ ಯಾರ ಪ್ರೊಬೇಟ್ ಕಡತ ಬೇಕಾದರೂ ತೆಗೆದು ಕೊಡುತ್ತಾರಂತೆ. ಇಂಗ್ಲೆಂಡಿನಲ್ಲಂತೂ ಶೇಕ್ಸ್‌ಪಿಯರ್ 1616ರಲ್ಲಿ ಬರೆಸಿದ ಉಯಿಲೇ ಇನ್ನೂ ಇದೆ. ಹೆಂಡತಿಗೆ ತನ್ನ ಎರಡನೇ ದರ್ಜೆಯ ಮಂಚ ಬಿಟ್ಟುಹೋದದ್ದೂ ಅದರಲ್ಲಿದೆ. ನಮ್ಮಜ್ಜ ಬಿಟ್ಟುಹೋದದ್ದು ಹುರಿ ಹಾಕಿದ ಮಂಚ. ಅದನ್ನು ಯಾವ ದರ್ಜೆಗೆ ಸೇರಿಸಬೇಕೋ.

ಈ ನಡುವೆ ಹಳೆಯ ಮ್ಯುಟೇಶನ್ ನಕಲು ಬೇಕೆಂದರು. ಅದಿರುವುದು ರೆಕಾರ್ಡ್ ರೂಮಿನಲ್ಲಿ. ಬೋರ್ಡಿನ ಮೇಲೆ ‘ಅಭಿಲೇಖಾಲಯ’ ಅಂತಿತ್ತು, ದೇವಾಲಯವೇನೋ ಅಂದುಕೊಂಡು ಚಪ್ಪಲಿ ಹೊರಗೆ ಬಿಟ್ಟೆ. ಅಟೆಂಡರು ಏಣಿ ಹತ್ತಿ ಕೆಂಪು ಬಟ್ಟೆಯ ಗಂಟೊಂದನ್ನು ಇಳಿಸಿ ನೆಲಕ್ಕೆ ಬಡಿದರು. ಮೂರು ಜಿರಳೆ, ಒಂದು ಹಲ್ಲಿ, ಮತ್ತೆ ಅರ್ಧ ಶತಮಾನದ ಧೂಳು. ಬಿಚ್ಚಿದರೆ ಪಕ್ಕದ ಹೊಲದವರ ಹಾಳೆ ಮೊನ್ನೆ ಬರೆದಂತಿದೆ, ಅದರ ಹಿಂದಿನವರದೂ ಸರಿಯಾಗಿದೆ. ನಡುವೆ ನಮ್ಮ ಸರ್ವೆ ನಂಬರು ಬರಬೇಕಾದ ಜಾಗದಲ್ಲಿ ಜರಡಿ. ಗೆದ್ದಲಿಗೂ ಸರ್ವೆ ತರಬೇತಿ ಆಗಿರಬೇಕು. ವಾರ ಬಿಟ್ಟು ಹಿಂಬರಹ ಕೊಟ್ಟರು: ‘ಸದರಿ ಕಡತವು ಶಿಥಿಲಗೊಂಡಿರುವುದರಿಂದ ನೀಡಲು ಅವಕಾಶವಿರುವುದಿಲ್ಲ.’ ಈಗ ರೆಕಾರ್ಡ್ ರೂಮಿನ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ, ಒಳ್ಳೆಯದೇ. ನಮ್ಮ ಜರಡಿಯೂ ಚೊಕ್ಕವಾಗಿ ಸ್ಕ್ಯಾನ್ ಆಗಿದ್ದೀತು.

ನಮಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ಕೆರೆಗೆ ನೀರು ಬಿಡಿ ಅಂತ ಅರ್ಜಿ ಹಿಡಿದು ತಿರುಗಿಯೇ ಪಳಗಿದ ಊರು ನಮ್ಮದು. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಅದೇ ವರ್ಷ ನಮಗೂ ಕೋರ್ಟಿನ ಆದೇಶ ಸಿಕ್ಕಿತು. ಊರೆಲ್ಲ ಬಾಗಿನಕ್ಕೆ ಹೋದರೆ ನಾನು ಅಜ್ಜ ಸತ್ತ ಖುಷಿಗೆ ಮೈಸೂರುಪಾಕು ಹಂಚಿದೆ.

ಹಂಚಿದ್ದು ಅವಸರವಾಯಿತು, ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಮನೆ ಬಾಗಿಲಿಗೇ ಬಂದರು. ಖಾತೆದಾರರನ್ನು ಕರೀರಿ, ಬೆರಳು ಒತ್ತಬೇಕು ಅಂದರು. ಹೊಲದ ಕಡೆ ಕೈ ತೋರಿಸಿದೆ. ಬಿಸಿಲಿತ್ತು, ಹೋಗಲಿಲ್ಲ. ಹೀಗೆ ಮನೆ ಮನೆಯಲ್ಲೂ ಸತ್ತವರೇ ಖಾತೆದಾರರು, ಇದ್ದವರು ಬರೀ ಅರ್ಜಿದಾರರು ಅನ್ನುವುದು ಸರ್ಕಾರಕ್ಕೂ ಕಂಡಿರಬೇಕು, 2025ರಲ್ಲಿ ಇ-ಪೌತಿ ಆಂದೋಲನ ಬಂತು. ವಂಶವೃಕ್ಷ ಕೊಡಿ, ಖಾತೆ ನಾವೇ ಮಾಡುತ್ತೇವೆ ಅಂದರು.

ಇಲ್ಲಿಯವರೆಗೆ ಕಚೇರಿಯನ್ನು ಬೈದದ್ದಾಯಿತು. ಈಗ ನಮ್ಮ ಮನೆಯ ವಿಷಯ.

ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಲು ಅಪ್ಪ, ಚಿಕ್ಕಪ್ಪ, ನಾನು ಟೈಪಿಸ್ಟಿನ ಮುಂದೆ ಕೂತಿದ್ದೆವು. “ಗಂಡುಮಕ್ಕಳು ಎರಡು. ಹೆಣ್ಣುಮಕ್ಕಳು?” ಅಂತ ಕೇಳಿದ. ಚಿಕ್ಕಪ್ಪ ತಲೆಯೆತ್ತಿ ಫ್ಯಾನು ನೋಡಿದರು. ಅಪ್ಪ ಚಿಕ್ಕಪ್ಪನನ್ನು ನೋಡಿದರು. ನಾನು ಟೀ ಹೇಳಿ ಬರಲು ಎದ್ದೆ. ಬರುವಷ್ಟರಲ್ಲಿ ಭದ್ರಾವತಿಯ ನಮ್ಮತ್ತೆ ಹುಟ್ಟೇ ಇರಲಿಲ್ಲ. ಸತ್ತವನೊಬ್ಬನನ್ನು ಸಾಯಿಸಲು ಸರ್ಕಾರಕ್ಕೆ 38 ವರ್ಷ ಸಾಲಲಿಲ್ಲ. ಬದುಕಿದ್ದವಳನ್ನು ಅಳಿಸಲು ನಮಗೆ ಮೂರು ಟೀ ಸಾಕಾಯಿತು. ಮಹಜರಿಗೆ ರುಜು ಹಾಕಿದ ಪಂಚರಲ್ಲಿ ಇಬ್ಬರು ಅತ್ತೆಯ ಮದುವೆಗೆ ಚಪ್ಪರ ಹಾಕಿದವರು.

ಅಪ್ಪನ ಆಸ್ತಿಗೆ ಮಗಳೂ ಮೊದಲ ದರ್ಜೆಯ ವಾರಸುದಾರಳು ಅಂತ 1956ರ ಕಾಯಿದೆಯೇ ಹೇಳಿದೆ. 2005ರಲ್ಲಿ ಪಿತ್ರಾರ್ಜಿತದಲ್ಲೂ ಸಮಪಾಲು ಅಂತಾಯಿತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಡಿಸಿ ಹೇಳಿತು. ನಮ್ಮ ಮನೆಯ ಕಾಯಿದೆ ಬೇರೆ: “ಅರಿಶಿನ ಕುಂಕುಮಕ್ಕೆ ಕೊಟ್ಟೀವಲ್ಲ.” ಕೊಟ್ಟದ್ದು ಗೌರಿ ಹಬ್ಬಕ್ಕೊಂದು ಸೀರೆ, ಅದೂ ಮಳೆ ಚೆನ್ನಾದ ವರ್ಷ.

ಖಾತೆ ಬದಲಾಗುವ ಮೊದಲು ನೋಟಿಸು ಅಂಟಿಸುತ್ತಾರೆ, ತಕರಾರಿಗೆ ಇಂತಿಷ್ಟು ದಿನ ಅಂತ ಗಡುವು. ಗಡುವು ಮುಗಿಯಲು ನಾಲ್ಕು ದಿನ ಇರುವಾಗ ಅತ್ತೆ ಬಂದರು. ಸೀದಾ ಕಚೇರಿಗೆ, ಮನೆಗಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಕರ್ಚೀಫಿನಲ್ಲಿ ಸುತ್ತಿದ ಒಂದು ಕಾಗದ. ಮಡಿಕೆ ಹರಿಯದಂತೆ ಮೆಲ್ಲಗೆ ಬಿಡಿಸಿ ಮೇಜಿನ ಮೇಲಿಟ್ಟರು. 1987ರ ಟೆಲಿಗ್ರಾಂ. ತಂತಿ ಕಚೇರಿಯ ದುಂಡು ಮೊಹರು, ತಾರೀಖು, ಮೇಲೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ವಿಳಾಸ. ‘ಫಾದರ್ ಎಕ್ಸ್‌ಪೈರ್ಡ್ ಸ್ಟಾರ್ಟ್ ಇಮ್ಮಿಡಿಯೇಟ್ಲಿ.’

ಕೋರ್ಟು ಮೂರು ವರ್ಷ ಕೇಳಿದ ಪುರಾವೆ ಅತ್ತೆಯ ಟ್ರಂಕಿನಲ್ಲಿತ್ತು.

“ಕೇಳಿದ್ರೆ ಕೊಡ್ತಿರ್ಲಿಲ್ವೇನೋ,” ಅಂದರು ಅತ್ತೆ, ನನ್ನ ಕಡೆ ನೋಡದೆ.

ಸಾಹೇಬರು ಟೆಲಿಗ್ರಾಮನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ‘ಫಾದರ್’ ಅನ್ನುವಲ್ಲಿ ಬೆರಳಿಟ್ಟು, ಕೊನೆಯಲ್ಲಿದ್ದ ಕಳಿಸಿದವರ ಹೆಸರನ್ನು ಗಟ್ಟಿಯಾಗಿ ಓದಿದರು. ಅದು ಚಿಕ್ಕಪ್ಪನ ಹೆಸರು.

ಚಿಕ್ಕಪ್ಪ ತಲೆಯೆತ್ತಿ ಫ್ಯಾನು ನೋಡಿದರು. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು.