ಅಸಲು ಮಾತು: ಸರಳ ಬಡ್ಡಿ ಸೂತ್ರದೊಂದಿಗೆ ಸಂದರ್ಶನ

ಅಸಲು, ಕಾಲ, ದರ ಗುಣಿಸಿ ನೂರರಿಂದ ಭಾಗಿಸು. ಪಠ್ಯಪುಸ್ತಕದ ಚೌಕಟ್ಟಿನೊಳಗೆ ಬಣ್ಣ ಬಳಿಸಿಕೊಂಡು ಕೂತಿರುವ ಈ ಸೂತ್ರವನ್ನು ‘ಪಿಟಿಆರ್ ಬೈ ಹಂಡ್ರೆಡ್’ ಎಂದು ಬಾಯಿಪಾಠ ಮಾಡಿದವರೇ ಮುಂದೆ ಬೈಕ್ ಸಾಲದ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಹಾಗಾಗಿ ಆರೋಪಿಯನ್ನೇ ಮಾತಿಗೆಳೆದದ್ದಾಯಿತು.

ನಿಮ್ಮನ್ನು ಕಲಿತವರೂ ಮೋಸಹೋಗುತ್ತಾರಲ್ಲ?

ನನ್ನ ಗುಣಾಕಾರದಲ್ಲಿ ತಪ್ಪಿದ್ದರೆ ತೋರಿಸಿ. ‘ರಾಮು 10,000 ರೂಪಾಯಿಯನ್ನು ಶೇ. 12ರ ದರದಲ್ಲಿ 2 ವರ್ಷಕ್ಕೆ’ ಎಂದು ಶಾಲೆಯಲ್ಲಿ ಮೂರೂ ಅಂಕಿಗಳನ್ನು ಎಲೆಗೆ ಬಡಿಸಿಯೇ ನನ್ನನ್ನು ಕರೆಯುತ್ತಾರೆ. ಹೊರಗಡೆ ಜಗಳವೆಲ್ಲ ಆ ಅಂಕಿ ಎಷ್ಟು ಎಂಬುದರ ಮೇಲೆಯೇ. ‘ನೂರಕ್ಕೆ ಮೂರು ರೂಪಾಯಿ’ ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ 36. ಮೊದಲ ತಿಂಗಳ ಬಡ್ಡಿ ಮುರಿದುಕೊಂಡು ಕೊಟ್ಟರೆ ಪತ್ರದಲ್ಲಿ 10,000, ಕೈಗೆ 9,700. ಇದರಲ್ಲಿ ಅಸಲು ಯಾವುದು? ಒಂಬತ್ತನೇ ಶತಮಾನದಲ್ಲೇ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ ಬೆರೆತ ಮೊತ್ತ ಕೊಟ್ಟು ಎರಡನ್ನೂ ಬೇರ್ಪಡಿಸಲು ಹೇಳಿದ್ದ. ಅವನ ಕಾಲದಲ್ಲಿ ಅಸಲನ್ನು ಹುಡುಕಬೇಕಿತ್ತು. ಈಗ ಅದು ಪ್ರಶ್ನೆಯ ಜೊತೆಗೇ ಉಚಿತ.

ಕಂತಿನ ಸಾಲದ ಲೆಕ್ಕ ಮಕ್ಕಳ ತಲೆಗೆ ಭಾರ ಎನ್ನುತ್ತಾರಲ್ಲ?

ಗ್ರಾಫ್ ಹಾಳೆ ತನ್ನಿ. ಒಂದು ಲಕ್ಷ ಸಾಲ, ಒಂದು ವರ್ಷ, ‘ಫ್ಲಾಟ್’ ಶೇ. 12. ಬಡ್ಡಿ 12,000, ತಿಂಗಳ ಕಂತು 9,333. ಅಡ್ಡಕ್ಕೆ ತಿಂಗಳು, ಎತ್ತರಕ್ಕೆ ಬಾಕಿ ಗುರುತಿಸಿ. ಪೂರ್ತಿ ಲಕ್ಷವೂ ವರ್ಷವಿಡೀ ಕೈಯಲ್ಲಿದ್ದರೆ ಆಯತ ಬರುತ್ತದೆ. ತಿಂಗಳು ತಿಂಗಳೂ ತೀರಿಸುತ್ತ ಹೋದರೆ ಮೆಟ್ಟಿಲಿಳಿದಂತಾಗಿ ಹೆಚ್ಚುಕಡಿಮೆ ತ್ರಿಕೋನ, ಅಂದರೆ ಆಯತದ ಅರ್ಧ. ತ್ರಿಕೋನದಷ್ಟು ಸಾಲ ಕೊಟ್ಟು ಆಯತದಷ್ಟಕ್ಕೆ ಬಡ್ಡಿ ಎಣಿಸಿಕೊಳ್ಳುವುದೇ ಫ್ಲಾಟ್ ದರ. ಅನುಮಾನವಿದ್ದರೆ ಸಂಖ್ಯಾಶಾಸ್ತ್ರದ ಅಧ್ಯಾಯದಿಂದ ಸರಾಸರಿಯನ್ನು ಕರೆಯಿರಿ. ಅಸಲನ್ನು ಸಮನಾಗಿ ಇಳಿಸಿದರೆ ಹನ್ನೆರಡು ತಿಂಗಳ ಬಾಕಿಯ ಸರಾಸರಿ 54,167. ಅದರ ಮೇಲೆ 12,000 ಬಡ್ಡಿಯೆಂದರೆ ಸುಮಾರು ಶೇ. 22. ಇಳಿಯುವ ಬಾಕಿಯ ಮೇಲಿನ ಕರಾರುವಾಕ್ಕಾದ ಲೆಕ್ಕವೂ 21.5ರ ಆಸುಪಾಸಿನಲ್ಲೇ ನಿಲ್ಲುತ್ತದೆ. ದೊಡ್ಡ ಗಣಿತವೇನೂ ಬೇಡ, ಹೈಸ್ಕೂಲಿನ ಮೂರು ಅಧ್ಯಾಯ ಸಾಕು. ಆದರೆ ನಮ್ಮ ಮೂವರನ್ನೂ ಒಂದೇ ಪೀರಿಯಡ್ಡಿನಲ್ಲಿ ಕೂರಿಸಿದವರಿಲ್ಲ.

2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಖರ್ಚೆಲ್ಲ ಸೇರಿದ ವಾರ್ಷಿಕ ದರವನ್ನು ಬರೆದೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಇನ್ನೂ ನಿಮ್ಮ ಹಂಗು ಯಾಕೆ?

ಒಳ್ಳೆಯ ಕೆಲಸ, ನನಗೂ ವಿಶ್ರಾಂತಿ. ಆದರೆ ಬಾಯಲ್ಲಿ 12, ಹಾಳೆಯಲ್ಲಿ 21.5 ಎಂದಿದ್ದಾಗ ಎರಡೂ ಒಂದೇ ಸಾಲವೆಂದು ತಿಳಿಯಲಾದರೂ ಆ ತ್ರಿಕೋನ ನೆನಪಿರಬೇಡವೇ? ಮೀಟರ್ ಬಡ್ಡಿಯವರಂತೂ ಹಾಳೆಯನ್ನೇ ಕೊಡುವುದಿಲ್ಲ. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 2004ರಿಂದಲೇ ಇದೆ. ಮಿತಿ ಮೀರಿದೆ ಎಂದು ದೂರು ಕೊಡುವವನಿಗೆ ತಾನು ಕಟ್ಟುತ್ತಿರುವುದು ಎಷ್ಟೆಂದು ಗೊತ್ತಿರಬೇಕು.

ಹಾಗಾದರೆ ಅಸಲು ಎಷ್ಟೆಂದು ಹೇಳದೆ, ಸಾಲದ ಪತ್ರವನ್ನೇ ಪರೀಕ್ಷೆಯಲ್ಲಿ ಕೊಟ್ಟರೆ?

ಪ್ರಶ್ನೆಯಲ್ಲೇ ತಪ್ಪಿದೆ ಎಂದು ಎಲ್ಲರಿಗೂ ಗ್ರೇಸ್ ಅಂಕ ಕೊಟ್ಟುಬಿಡುತ್ತಾರೆ.